ಲೆನ್ಸಿನ ಮೇಲೆ ಅಂಗೈ ಇಡುತ್ತಿದ್ದ ನರಹರಿ

ಇಲ್ಲ... ಇದು ಶೂಟಿಂಗೇ ಇರಬೇಕು...
ಬೆಳಿಗ್ಗೆ ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಆ ವಿಡಿಯೋ ಬಂದಾಗ ಹಾಗೇ ಅಂದುಕೊಂಡೆ.
ಜೀಪು ಜಾರಿ ಮಗುಚುತ್ತದೆ... ಕ್ಯಾಮೆರಾ ಸ್ಟ್ಯಾಂಡ್ ಹಾರಿಹೋಗುತ್ತದೆ... ಅದರ ಹಿಂದಿದ್ದ ಮನುಷ್ಯ ಜೀಪಿನಡಿ ಸಿಕ್ಕಿಕೊಳ್ಳುತ್ತಾನೆ...
ನಮ್ಮ ನರಹರಿ ಈ ಸಲ ಭಾರೀ ಫೈಟ್ ತೆಗೆದಿದ್ದಾನಲ್ಲ ಅಂತ ಖುಷಿಪಟ್ಟೆ.
ಆಮೇಲೆ ಆ ನೀಲಿ ಚೌಕಳಿ ಅಂಗಿ ಕಂಡಿತು. ಹೋದ ತಿಂಗಳು ಶಿರಸಿಗೆ ಬಂದಾಗ ನನ್ನ ಜೊತೆಗೇ ಕೊಂಡ ಅಂಗಿ.
ಜೀಪಿನಡಿ ಇದ್ದವನು ಡೂಪ್ ಅಲ್ಲ...
ನರಹರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಯಲ್ಲಾಪುರದ ಹತ್ತಿರದ ಇಡಗುಂದಿಯವನು. ತಮಿಳು ಸಿನಿಮಾದ ಕ್ಯಾಮೆರಾಮ್ಯಾನ್. ಅಲ್ಲಿ ಎಲ್ಲರಿಗೂ 'ಹರಿ ಸಾರ್'.
ಮಚ್ಚು, ಲಾಂಗು, ಬೆಂಕಿ, ಒಡೆದ ತಲೆ... ಅವನ ಸಿನಿಮಾಗಳಲ್ಲಿ ಇವೇ ಜಾಸ್ತಿ.
ಊರಿಗೆ ಬಂದಾಗ ಒಂದು ಉಂಬಳ, ಅದೇ ಜಿಗಣೆ, ಕಚ್ಚಿದರೆ ಮಾತ್ರ ಊರು ಒಂದು ಮಾಡುತ್ತಿದ್ದ.

ವಿಡಿಯೋ ನೋಡಿ ಮುಗಿಯುವಷ್ಟರಲ್ಲಿ ಅವನ ಹೆಂಡತಿ ಸುಜಾತಾ ಇಡಗುಂದಿಯಿಂದ ಫೋನ್ ಮಾಡಿದಳು. ಅಳುತ್ತಿರಲಿಲ್ಲ.
"ಅಣ್ಣಯ್ಯ, ಬೇಗ ಹಾಸ್ಟೆಲಿಗೆ ಹೋಗು. ಕೂಸು ಆ ವಿಡಿಯೋ ನೋಡ್ಲಾಗ."
ಮಗಳು ನೋಡಬಾರದು ಅಂತ. ಮೇಧಾ ಇಲ್ಲೇ ಶಿರಸಿಯಲ್ಲಿ ಓದುತ್ತಿದ್ದಾಳೆ.
ನನ್ನ ಫೋಟೊ ಸ್ಟುಡಿಯೋದ ಬಾಗಿಲು ಹಾಕದೆ ಓಡಿದೆ...
ದಾರಿಯುದ್ದಕ್ಕೂ ಕಿಸೆಯಲ್ಲಿ ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು. ಇದನ್ನು ಓದುತ್ತಿರುವ ನೀವೇ ಕಳಿಸುತ್ತಿದ್ದಿರಿ. 'ನಮ್ಮ ಊರಿನ ಪ್ರತಿಭೆ'... 'ಕೊನೇ ಕ್ಷಣ'... 'ಪಾಪ, ಕೈ ಎತ್ತಿ ಸಹಾಯ ಕೇಳ್ತಿದ್ದಾರೆ ನೋಡಿ'...
ಕೆಳಗೆ ಕೈ ಮುಗಿದ ಇಮೋಜಿ ಬೇರೆ.
ನಾಚಿಕೆ ಆಗಲಿಲ್ಲವಾ ನಿಮಗೆ?

ನರಹರೀ...
ಅರಬೈಲ್ ಘಾಟಿಯ ಆ ಲಾರಿ ನೆನಪಿದೆಯಾ ನಿನಗೆ?
ಆಗ ನಾವಿಬ್ಬರೂ ಸೇರಿ ಯಲ್ಲಾಪುರದಲ್ಲಿ ಸ್ಟುಡಿಯೋ ನಡೆಸುತ್ತಿದ್ದೆವು. ಮದುವೆ ಸೀಸನ್ ಮುಗಿದರೆ ಪೊಲೀಸರ ಕೆಲಸ. ಘಾಟಿಯಲ್ಲಿ ಆಕ್ಸಿಡೆಂಟ್ ಆದರೆ ಪಂಚನಾಮೆಗೆ ಫೋಟೊ ತೆಗೆಯುವುದು.
ತಮಿಳುನಾಡಿನ ಲಾರಿ ಮಗುಚಿತ್ತು. ಕ್ಯಾಬಿನ್ ಅಪ್ಪಚ್ಚಿ. ಡ್ರೈವರ್ ಸತ್ತಿದ್ದಾನೆ ಅಂತಲೇ ಎಲ್ಲರೂ ಹೇಳಿದ್ದು.
ನೀನು ಒಡೆದ ಗಾಜಿನೊಳಗೆ ಕ್ಯಾಮೆರಾ ತೂರಿಸಿದೆ...
ಒಳಗಿಂದ ಒಂದು ಕೈ ಎದ್ದು ಬಂತು.
ರಕ್ತದಲ್ಲಿ ತೊಯ್ದ ಅಂಗೈ. ಸೀದಾ ಲೆನ್ಸಿನ ಮೇಲೆ ಒತ್ತಿ ಹಿಡಿದುಬಿಟ್ಟಿತು.
"ವೇಂಡಾಂ ತಂಬೀ..."
ಬೇಡ ತಮ್ಮಾ ಅಂತ.
ನೀನು ಕ್ಯಾಮೆರಾ ರಸ್ತೆಗೆ ಎಸೆದು, ಬರಿಗೈಯಲ್ಲಿ ಆ ತಗಡು ಹರಿದೆ. ನಿನ್ನ ರಕ್ತ ಯಾವುದು, ಅವನ ರಕ್ತ ಯಾವುದು ಅಂತ ತಿಳಿಯದ ಹಾಗೆ ಆಗಿತ್ತು. ನಮ್ಮ ವ್ಯಾನಿನಲ್ಲೇ, ನಿನ್ನ ತೊಡೆಯ ಮೇಲೇ ಅವನು ಸತ್ತ.
ನೀನು ಕಲಿತ ಮೊದಲ ತಮಿಳು ಮಾತು ಅದು.

ಮುಂದಿನ ವರ್ಷ "ಆನು ಮದ್ರಾಸಿಗೆ ಹೋಗ್ತೆ ಮಾರಾಯ, ಹೆಣದ ಫೋಟೊ ತೆಗದು ಸಾಕಾತು" ಅಂತ ಹೊರಟೆ.
ಅಲ್ಲಿಯೂ ಹೆಣಗಳೇ. ಆದರೆ 'ಕಟ್' ಅಂದಮೇಲೆ ಎದ್ದು ಟೀ ಕುಡಿಯುವ ಹೆಣಗಳು... ಅದು ನಿನಗೆ ಬಹಳ ಇಷ್ಟ.

ಆ ಗೋಡೌನ್ ಫೈಟು...
ಒಡೆಯಬೇಕಾದ ನಕಲಿ ಗಾಜಿನ ಜಾಗದಲ್ಲಿ ಯಾರೋ ಅಸಲಿ ಗಾಜು ಕೂರಿಸಿದ್ದರು. ಫೈಟರ್ ಅದರೊಳಗಿಂದ ಹಾರಿದ. ಕುತ್ತಿಗೆ ಸೀಳಿತು. ರಕ್ತ ಚಿಮ್ಮಿತು. ಡೈರೆಕ್ಟರ್ ಎದ್ದು ನಿಂತು "ರೋಲಿಂಗ್! ರೋಲಿಂಗ್!" ಅಂತ ಕೂಗುತ್ತಿದ್ದ.
ನೀನು ಲೆನ್ಸಿನ ಮೇಲೆ ಅಂಗೈ ಇಟ್ಟೆ. ಶಾಟ್ ಕತ್ತಲಾಯಿತು. ಮರುಕ್ಷಣವೇ ಅಂಗಿ ಬಿಚ್ಚಿ ಓಡಿ, ಆ ಕುತ್ತಿಗೆಗೆ ಒತ್ತಿದೆ.
ಶಾಟ್ ಹಾಳಾಯಿತು ಅಂತ ಪ್ರೊಡ್ಯೂಸರ್ ಕೆನ್ನೆಗೆ ಬಾರಿಸಿದ. ನೀನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಗುದ್ದಿದೆ. ಮೂಗಿನ ಮೂಳೆ ಮುರಿಯಿತಂತೆ... ಸರಿಯಾಯಿತು.
ಆ ಸಿನಿಮಾ ಹೋಯಿತು. ಬಹಳ ಕಾಲ ಯಾರೂ ಕರೆಯಲಿಲ್ಲ. ಸಿದ್ದಾಪುರ ಕಡೆಯ ಉಪನಯನಗಳಿಗೆಲ್ಲ ನನ್ನ ಜೊತೆ ವಿಡಿಯೋ ಮಾಡಲು ಬಂದೆ. ನಾನು ಬೈದೆ, ಒಂದು ಮಾತು ಸಾರಿ ಅಂದುಬಿಡು ಅಂತ.
"ರಕ್ತ ಖರೇ ಆತು ಅಂದ್ರೆ ಅಲ್ಲಿಗೆ ಶೂಟಿಂಗ್ ಬಂದ್" ಅಂದೆ ನೀನು. ಅಷ್ಟೇ.
ಕೊನೆಗೆ ನಿನ್ನನ್ನು ವಾಪಸ್ ಕರೆಸಿದ್ದು ಫೈಟರ್‌ಗಳೇ. ಕ್ಯಾಮೆರಾ ಹಿಂದೆ ಹರಿ ಸಾರ್ ಇದ್ದರೆ ಮಾತ್ರ ಹಾರುತ್ತೇವೆ ಅಂತ ಹಟ ಹಿಡಿದರಂತೆ. ಅಲ್ಲಿಂದ ನೀನು ಹಿಂದೆ ನೋಡಲಿಲ್ಲ.

ಅಂಥವನು ಜೀಪಿನಡಿ ಬಿದ್ದಾಗ ಪಕ್ಕದಲ್ಲಿ ನಿಂತವನೊಬ್ಬ ಮೊಬೈಲು ಹಿಡಿದು ಹತ್ತಿರ ಹತ್ತಿರ ಬರುತ್ತಾನೆ. ಎದೆಯ ಮೇಲೆ ಕಬ್ಬಿಣ, ಬಾಯಲ್ಲಿ ರಕ್ತ...
ಆ ಮೊಬೈಲಿನವನು ಮಾತ್ರ ಜೂಮ್ ಮಾಡುತ್ತಾನೆ.
ನನ್ನ ಕೈಗೆ ಸಿಕ್ಕರೆ ಅವನ ಕೈ ಮುರಿಯುತ್ತೇನೆ. ಈ ಮಾತಿಗೆ ಯಾರೂ ಬುದ್ಧಿ ಹೇಳಲು ಬರಬೇಡಿ.

ಹಾಸ್ಟೆಲಿಗೆ ಹೋಗುವಷ್ಟರಲ್ಲಿ ತಡವಾಗಿತ್ತು.
ಮೇಧಾ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಫೋನು. ಆ ವಿಡಿಯೋ ಮುಗಿದು ಮತ್ತೆ ಶುರುವಾಗುತ್ತಿತ್ತು... ಮುಗಿದು ಮತ್ತೆ ಶುರುವಾಗುತ್ತಿತ್ತು...
"ಮಾವಾ, ಅಪ್ಪ ಕೈ ಚಾಚಿದ್ದ... ಒಬ್ರೂ ಎಂತಕ್ಕೆ ಬಂದ್ವಿಲ್ಲೆ?"
ಪಕ್ಕದಲ್ಲಿ ಕೂತು ನಾನೂ ಕೊನೆಯವರೆಗೆ ನೋಡಿದೆ. ಆ ಕೈ ಯಾರನ್ನೂ ಕರೆಯುತ್ತಿರಲಿಲ್ಲ. ಬೆರಳು ಬಿಡಿಸಿಕೊಂಡು, ಅಂಗೈ ಮುಂದೆ ಮಾಡಿ, ಸೀದಾ ಆ ಮೊಬೈಲಿನ ಕಡೆಗೇ ಬರುತ್ತಿತ್ತು. ಮುಟ್ಟಲು ಆಗಲಿಲ್ಲ... ಒಂದು ಗೇಣು ಕಡಿಮೆ ಬಿತ್ತು.
"ಸಹಾಯ ಕೇಳಿದ್ದಲ್ಲ ಕೂಸೇ. ಕ್ಯಾಮೆರಾ ಬಂದ್ ಮಾಡು ಹೇಳಿದ್ದು" ಅಂದೆ. ಲಾರಿ ಡ್ರೈವರನ ಕತೆ, ಗಾಜಿನ ಕತೆ ಎರಡನ್ನೂ ಹೇಳಿದೆ.
ಅವಳು ಫೋನಿನ ಮೇಲೆ ತನ್ನ ಅಂಗೈ ಇಟ್ಟು ಮುಚ್ಚಿದಳು. ಆಗ ಅತ್ತಳು.

ನಾಳೆ ಅವನು ಕೊನೇ ಸಲ ಇಡಗುಂದಿಗೆ ಬರುತ್ತಾನೆ. ಬರುವವರು ಬನ್ನಿ. ಫೋನು ಕಿಸೆಯಲ್ಲಿರಲಿ.
ಆ ವಿಡಿಯೋ ಇಟ್ಟುಕೊಂಡವರು ಈಗಲೇ ಅಳಿಸಿ. ಅವನ ಕೈಗೆ ಸಿಗದೆ ಹೋದ ಆ ಒಂದು ಗೇಣನ್ನು ನೀವಾದರೂ ಮುಚ್ಚಿ.

ಹೋಗಿ ಬಾ ನರಹರಿ...
ಸಾಕು, ಬಂದ್ ಮಾಡಿದ್ದೇವೆ.
ನಿನ್ನ ಜೀವ ಇನ್ನು ಯಾರ ಕಣ್ಣಿಗೂ ಬೀಳದೆ ತಣ್ಣಗೆ ಮಲಗಲಿ.