ಕಿವಿಯ ಪರೀಕ್ಷೆ

ಎಂಬತ್ತನಾಲ್ಕರ ಬೇಸಿಗೆ, ಒಂದು ಸೋಮವಾರ ಬೆಳಿಗ್ಗೆ. ಸರ್ಕಾರಿ ಆಸ್ಪತ್ರೆಯ ತಪಾಸಣೆ ಕೋಣೆಯೊಳಗೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಎದುರಿಗೆ ಸ್ಟೂಲಿನ ಮೇಲೆ ಅವನು, ಅವನ ಹಿಂದೆ ಡಾಕ್ಟರು, ನನ್ನ ಎಡಕ್ಕೆ ವರಾಂಡದ ಕಿಟಕಿ.

ನಾನು ತಮಿಳು ಸೀಮೆಯ ಸೋಮನೂರಿನ ಕಡೆಯ ಒಂದು ಪಂಚಾಯಿತಿಯಲ್ಲಿ ಗುಮಾಸ್ತ. ನೀರಿನ ಮೋಟಾರು ನಡೆಸುವ ಕೆಲಸ ಬಹಳ ದಿನದಿಂದ ಖಾಲಿಯಿತ್ತು. ಉದ್ಯೋಗ ವಿನಿಮಯ ಕಚೇರಿ ಕಳಿಸಿದವರಲ್ಲಿ ಒಬ್ಬ ಬರಲೇ ಇಲ್ಲ. ಇನ್ನೊಬ್ಬ ತಿಂಗಳೊಳಗೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಓಡಿದ. ನಲ್ಲಿಯ ಬಳಿ ಹೆಂಗಸರು ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಈಗ ಸಿಕ್ಕ ಇವನು, ಸ್ಟೂಲಿನ ಮೇಲೆ ಕೂತವನು, ನಮ್ಮವನೇ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಚಿಕ್ಕಂದಿನಿಂದ ಪವರ್‌ಲೂಮ್ ಮಗ್ಗದ ಕೆಲಸ. ಅವನಿದ್ದ ಶೆಡ್ಡು ಮುಚ್ಚಿತ್ತು, ಮನೆಯಲ್ಲಿ ಕೈಗೂಸು. ಈ ಕೆಲಸ ಅವನಿಗೆ ಸಿಗಲೇಬೇಕಿತ್ತು. ಉಳಿದದ್ದು ವೈದ್ಯಕೀಯ ಸರ್ಟಿಫಿಕೇಟ್ ಒಂದೇ.

ಡಾಕ್ಟರು ಹಿಂದಿನಿಂದ ತಮಿಳಿನಲ್ಲಿ ಒಂದೊಂದೇ ಅಂಕಿ ಪಿಸುಗುಟ್ಟಿದರು. ಅವನು ಅದನ್ನೇ ತಿರುಗಿ ಹೇಳಬೇಕು. ಹೇಳಿದ. ಎರಡನೆಯದೂ ಸರಿ. ಆಗ ನೋಡಿದೆ, ಅವನ ಕಣ್ಣು ಕಿಟಕಿಯಲ್ಲಿ ನೆಟ್ಟಿತ್ತು. ಅಲ್ಲಿ ಅವನ ಅಕ್ಕ. ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಕೇಳಿಸದು. ಶೆಡ್ಡಿನಲ್ಲಿ ಬೆಳೆದ ನಾವೆಲ್ಲ ತುಟಿ ನೋಡಿಯೇ ಮಾತಾಡುವವರು. ಡಾಕ್ಟರ ತುಟಿಯಲ್ಲಿ ಕಂಡದ್ದನ್ನು ಅವಳು ತನ್ನ ತುಟಿಯಿಂದ ತಮ್ಮನಿಗೆ ದಾಟಿಸುತ್ತಿದ್ದಳು.

ಮೂರನೆಯ ಅಂಕಿಗೆ ವರಾಂಡದಲ್ಲಿ ಯಾರೋ ಅಡ್ಡ ಹಾದರು.

"ಅಕ್ಕಾ, ತಿರ್ಗ ಹೇಳು, ತಿಳೀಲಿಲ್ಲ!"

ಪಿಸುಗುಟ್ಟಿದೆನೆಂದೇ ಅವನು ಅಂದುಕೊಂಡಿದ್ದ. ಹೊರಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರಿಗೆ ಕನ್ನಡ ಬಾರದು, ಆದರೆ ಕಿಟಕಿ ಕಂಡಿತು.

"ಕೆಲಸ ಇವನಿಗೋ, ನಿನಗೋಮ್ಮಾ?" ಎಂದರು ತಮಿಳಿನಲ್ಲಿ.

"ನಂಗೇ ಕೊಡಿ ಸಾಮಿ, ನಾನೂ ಮೋಟ್ರು ಓಡಿಸ್ತೀನಿ," ಎಂದಳು ಅವಳೂ ತಮಿಳಿನಲ್ಲೇ. ಯಾರೋ ನಕ್ಕರು. ಡಾಕ್ಟರು ನಗಲಿಲ್ಲ. ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಮತ್ತೆ ಪಿಸುಗುಟ್ಟಿದರು. ಇನ್ನೊಮ್ಮೆ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಸರ್ಟಿಫಿಕೇಟ್ ಸಿಗಲಿಲ್ಲ. ವರಾಂಡದಲ್ಲಿ ಅವನು ಅದೇ ದೊಡ್ಡ ದನಿಯಲ್ಲಿ ಕೇಳಿದ: "ಅವ್ರಿಗೆ ಹೆಂಗಕ್ಕಾ ತಿಳೀತು? ನಾನು ಮೆಲ್ಲಗೇ ತಾನೇ ಕೇಳಿದ್ದು?"

ಅವಳು ಸದ್ದಿಲ್ಲದೆ, ಬರೀ ತುಟಿಯಲ್ಲಿ ಹೇಳಿದಳು: "ನೀ ಮೆಲ್ಲಗೇ ಕೇಳ್ದೆ, ನನ್ ಕಣ್ಣೇ. ನಾನೇ ತಲೆ ಜಾಸ್ತಿ ಚಾಚ್ಬಿಟ್ಟೆ."

ಹೇಳಿ ನನ್ನ ಕಡೆ ನೋಡಿದಳು. ನಾನು ಅವನಿಗೆ ಹೌದೆಂದು ತಲೆಯಾಡಿಸಿದೆ.

ಆ ಡಾಕ್ಟರು ಈಗಿಲ್ಲ. ತಮ್ಮನೂ ತೀರಿಹೋದ, ಅಕ್ಕ ಹೇಳಿದ್ದನ್ನೇ ನಂಬಿಕೊಂಡು. ಅಂದು ಆ ಕಿಟಕಿಯ ಬಳಿ ನಡೆದದ್ದನ್ನು ಪೂರ್ತಿ ಬಲ್ಲವರಲ್ಲಿ ಉಳಿದಿರುವುದು ನಾನು, ಮತ್ತು ಸೋಮನೂರಿನಲ್ಲಿರುವ ಆ ಅಕ್ಕ.