ಮೈಕ್‌ಸೆಟ್ ಅಣ್ಣನ ಬೊಟ್ಟು

ಮೊಮ್ಮಗಳು ಹಾಸನದಿಂದ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ತಂದು ಟಿವಿಯ ಪಕ್ಕದಲ್ಲಿಟ್ಟು ಸ್ವಿಚ್ ಹಾಕಿದಳು. ಸ್ವಲ್ಪ ಹೊತ್ತಿಗೆ ಅದರ ಬೆನ್ನಿನಿಂದ ಬಿಸಿ ಗಾಳಿ ಬರತೊಡಗಿತು. ಗಾಳಿಯ ಜೊತೆಗೆ ಒಂದು ವಾಸನೆಯೂ ಬಂತು, ಕಾದ ಧೂಳಿನ ವಾಸನೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನ ಕೈ ಅಲ್ಲಿಗೇ ನಿಂತಿತು. ಎಷ್ಟೋ ವರ್ಷದಿಂದ ಮೂಗಿಗೆ ಬೀಳದಿದ್ದ ವಾಸನೆ ಅದು. ನಮ್ಮ ಮೈಕ್‌ಸೆಟ್ ಅಣ್ಣನ ಆಂಪ್ಲಿಫೈಯರಿನಿಂದ ಹೀಗೇ ಬರುತ್ತಿತ್ತು...

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಹೇಳಿ ಬರೆಸುವಾಗ ನನ್ನ ಸಂತೋಷ ಒಂದು ಕಡೆ ನಿಲ್ಲುತ್ತಿಲ್ಲ. ಅಲ್ಲಲ್ಲಿ ಚೆಲ್ಲಿದರೆ ಓದುವವರು ಸುಧಾರಿಸಿಕೊಳ್ಳಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡವನ್ನು ಕೂಡಿಸಿಕೊಂಡು ಓದುತ್ತೇನೆ, ಇಂಗ್ಲಿಷ್ ಕಂಡರೆ ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಅಂಥವಳು ಹೊಳೆನರಸೀಪುರದ ನಮ್ಮ ಮನೆಯಲ್ಲಿ, ನೆಂಟರೆಲ್ಲ ನೋಡುತ್ತಿರುವಾಗ, ಒಂದು ಕಂಪ್ಯೂಟರನ್ನು ನಾನೇ ನಡೆಸಿದೆ. ಹಾಗೆ ನಡೆಸುವಂತೆ ಮಾಡಿದವಳು ಮೊಮ್ಮಗಳು. ಅವಳಿಗೂ ಮುಂಚೆ, ಕೊಣನೂರು ಕಡೆಯ ನಮ್ಮ ಹಳೆಯ ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ಮೈಕ್‌ಸೆಟ್ ಅಣ್ಣ.

ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡು ಚನ್ನರಾಯಪಟ್ಟಣದವನು. ಮದುವೆ ಅಲ್ಲಿಯ ಛತ್ರದಲ್ಲಿ, ಚಪ್ಪರದ ಶಾಸ್ತ್ರವೆಲ್ಲ ನಮ್ಮ ಮನೆಯಲ್ಲಿ. ನಮ್ಮ ಕಡೆ ಚಪ್ಪರ ಹಾಕುವಾಗ ಒಂದು ಸೋಬಾನೆ ಪದ, ಅರಿಶಿನ ಹಚ್ಚುವಾಗ ಒಂದು, ಬಳೆ ತೊಡಿಸುವಾಗ ಇನ್ನೊಂದು. ಹಿಂದೆಲ್ಲ ಹೆಂಗಸರು ಗೋಡೆಗೆ ಒರಗಿ ಕೂತು, ಒಬ್ಬರು ಹೇಳಿಕೊಟ್ಟರೆ ಉಳಿದವರು ಎತ್ತಿಕೊಂಡು ಹೇಳುತ್ತಿದ್ದರು. ಈಗ ಆ ಪದಗಳನ್ನು ಬಲ್ಲವಳು ಮನೆಯಲ್ಲಿ ನಾನೊಬ್ಬಳೇ, ನನಗೋ ಹೇಳಲು ಹೊರಟರೆ ಉಬ್ಬಸ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಮಗ, ಮದುಮಗಳ ಅಪ್ಪ, ಸುಮ್ಮನೆ ಡಿಜೆಯವರಿಗೆ ಹೇಳಿಬಿಡೋಣ ಅಂದ. ನನಗೆ ರೇಗಿತು. ಪದ ಇಲ್ಲದೆ ನನ್ನ ಮೊಮ್ಮಗಳ ಕೈಗೆ ಬಳೆ ಏರಬಾರದು ಅಂದುಬಿಟ್ಟೆ. ಪದ ಹೇಳುವವರು ಎಲ್ಲಿದ್ದಾರಮ್ಮಾ ಅಂತ ಕೇಳಿದ. ಅಟ್ಟದ ಮೇಲೆ ಚೀಲದಲ್ಲಿದ್ದಾರೆ ಅಂದೆ.

ಆ ಚೀಲದ ತುಂಬ ಕ್ಯಾಸೆಟ್ಟು. ಕೊಟ್ಟವರು ಅಣ್ಣ.

ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹಾರನ್ನುಗಳು ಬಾಯಿ ಮೇಲೆ ಮಾಡಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಅವುಗಳ ನಡುವೆ ಆಂಪ್ಲಿಫೈಯರು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಹೆಂಡತಿ ಧೂಳು ಒರೆಸುವ ಹಾಗೂ ಇರಲಿಲ್ಲ, ಹಾಗಾಗಿಯೇ ಕಾದಾಗ ಆ ವಾಸನೆ. ಅರಕಲಗೂಡು, ಕೊಣನೂರು ಸುತ್ತಿನ ಎಷ್ಟೋ ಊರಿನ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಅವರೇ ಬೇಕು. ಬಸ್ಸಿನ ಮೇಲೆ ಹಾರನ್ನು ಏರಿಸಿ, ತಾವೂ ಏಣಿ ಹತ್ತಿ ಪಕ್ಕದಲ್ಲೇ ಕೂತು ಹೋಗುತ್ತಿದ್ದರು. ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಚಪ್ಪರದ ನೆರಳಿನಲ್ಲೂ ಕಪ್ಪು ಕನ್ನಡಕ. ಇದ್ಯಾಕಣ್ಣ ಅಂದರೆ, ಹಾಡು ಹಾಕುವವನು ಹಾಗೇ ಇರಬೇಕು ಅನ್ನುತ್ತಿದ್ದರು.

ಹಾರನ್ನು ಮರದ ಮೇಲೆ ಏರಿತೆಂದರೆ ಸುತ್ತಲಿನ ಊರಿಗೆಲ್ಲ ಅದೇ ಗಡಿಯಾರ. ಈ ಹಾಡು ಬಂದರೆ ನೆಂಟರು ಬರುತ್ತಿದ್ದಾರೆ, ವಾಲಗ ಬಂದರೆ ಧಾರೆ, ತಮಾಷೆಯ ಹಾಡು ಬಂದರೆ ಎಲೆ ಹಾಕಿದ್ದಾರೆ... ಹೊಲದಲ್ಲಿದ್ದವರೂ ಅದನ್ನು ಕೇಳಿಕೊಂಡೇ ಕೈಕಾಲು ತೊಳೆದು ಹೊರಡುತ್ತಿದ್ದರು. ಅಣ್ಣನಿಗೆ ಓದು ನನಗಿಂತಲೂ ಕಮ್ಮಿ. ಕ್ಯಾಸೆಟ್ಟಿನ ಮೇಲಿನ ಅಕ್ಷರದ ತಂಟೆಗೇ ಹೋಗುತ್ತಿರಲಿಲ್ಲ, ಬೊಟ್ಟು ಇಡುತ್ತಿದ್ದರು. ಬಂದವರಿಗೆ ಕುಂಕುಮ ಕೊಡುತ್ತೇವಲ್ಲ, ಅದಕ್ಕೆ ನೆಂಟರನ್ನು ಕರೆಯುವ ಹಾಡಿಗೆ ಕುಂಕುಮದ ಬೊಟ್ಟು. ತಾಳಿ ಕಟ್ಟುವುದು ಅರಿಶಿನದ ದಾರದಲ್ಲಿ, ಅದಕ್ಕೆ ಧಾರೆಯ ವಾಲಗಕ್ಕೆ ಅರಿಶಿನದ ಬೊಟ್ಟು. ಉಂಡ ಮೇಲೆ ಎಲೆಗೆ ಸುಣ್ಣ ಬೇಕು, ಅದಕ್ಕೆ ಊಟದ ಹಾಡಿಗೆ ಸುಣ್ಣದ ಬೊಟ್ಟು.

ಒಂದು ಸಲ ನಮ್ಮೂರಿನದೇ ಮದುವೆ. ವಾಲಗದವರನ್ನು ಕರೆಸಿರಲಿಲ್ಲ, ಅಣ್ಣನ ಕ್ಯಾಸೆಟ್ಟೇ ವಾಲಗ. ಬೆಳಿಗ್ಗೆ ನೆಂಟರು ಬಸ್ಸಿಳಿದು ನಡೆದು ಬರುತ್ತಿದ್ದಾರೆ, ಅಣ್ಣ ಕೆಂಪು ಬೊಟ್ಟಿನದನ್ನು ತೆಗೆದು ಹಾಕಿದರು. ಹಾರನ್ನಿನಲ್ಲಿ ಗಟ್ಟಿಮೇಳ ಹೊಡೆಯಿತು. ಮುಹೂರ್ತ ತಪ್ಪಿತೆಂದು ನೆಂಟರು ಗದ್ದೆಯ ಬದುವಿನ ಮೇಲೆ ಓಡತೊಡಗಿದರು. ಹೆಂಗಸರು ಸೀರೆ ಎತ್ತಿಕೊಂಡು, ಗಂಡಸರು ಚಪ್ಪಲಿ ಕೈಯಲ್ಲಿ ಹಿಡಿದು. ಅಡುಗೆಯವರು ಧಾರೆ ಮುಗಿಯಿತೆಂದು ಎಲೆ ಹಾಕಿ, ಉಪ್ಪು ಬಡಿಸಿಯೂ ಬಿಟ್ಟರು. ಮೊದಲ ಪಂಕ್ತಿ ಕೂತೇಬಿಟ್ಟಿತು. ಮದುಮಗ ಇನ್ನೂ ಸ್ನಾನದಲ್ಲಿದ್ದ. ಅಣ್ಣ ಕನ್ನಡಕ ತೆಗೆದು ಒಮ್ಮೆ ಸುತ್ತ ನೋಡಿದರು. ಆಮೇಲೆ ಮೈಕು ಹಿಡಿದು, ಏನೂ ಆಗದವರ ಹಾಗೆ ಹೇಳಿದರು:

"ಓಡ್ಬ್ಯಾಡಿ, ನಿಧಾನಕ್ ಬನ್ನಿ. ತಾಳಿ ಇನ್ನೂ ತಟ್ಟೇಲೇ ಐತೆ."

ಆ ಮಾತು ಆಚೆಯ ಊರಿಗೂ ಕೇಳಿಸಿತಂತೆ. ಬಹಳ ದಿನ ನಮ್ಮ ಕಡೆ ಯಾರಾದರೂ ಅವಸರ ಮಾಡಿದರೆ ಅದನ್ನೇ ಹೇಳುತ್ತಿದ್ದರು.

ಮಾರನೆಯ ದಿನ ಅಣ್ಣ ಆ ಕ್ಯಾಸೆಟ್ಟು ಹಿಡಿದು ನಮ್ಮ ಜಗಲಿಗೆ ಬಂದರು. ಅರಿಶಿನದ ಬೊಟ್ಟು ತಾನಾಗೇ ಕುಂಕುಮ ಆಗಿದೆ, ಯಾರೋ ಏನೋ ಮಾಡಿಸಿದ್ದಾರೆ ಅಂತ ಅವರ ಅನುಮಾನ. ನಾನು ಕ್ಯಾಸೆಟ್ಟು ನೋಡಿದೆ, ಅವರ ಹೆಬ್ಬೆರಳು ನೋಡಿದೆ. ಎಲೆಗೆ ಸವರಿದ ಸುಣ್ಣ ಉಗುರಿನ ಸಂದಿಯಲ್ಲಿ ಬೆಳ್ಳಗೆ ಕೂತಿತ್ತು. ನಗು ತಡೆಯಲಾಗಲಿಲ್ಲ.

"ಆರತಿ ನೀರು ಹೆಂಗ್ ಕೆಂಪಾಯ್ತದೆ ಅಂತ ಅತ್ತಿಗೇನ ಕೇಳೋಗಣ್ಣ," ಅಂದೆ.

ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ ಎಂಬುದು ನಮ್ಮ ಹೆಂಗಸರಿಗೆಲ್ಲ ಗೊತ್ತು. ದಿನಾ ಎರಡನ್ನೂ ಕೈಯಲ್ಲಿ ಆಡಿಸುತ್ತಿದ್ದ ಅಣ್ಣನಿಗೆ ಅದು ಹೊಳೆದಿರಲಿಲ್ಲ. ಎಲೆಅಡಿಕೆ ಬಿಡುವುದಂತೂ ಸಾಧ್ಯವಿಲ್ಲದ ಮಾತು. ಹಾಗಾಗಿ ಕೊಣನೂರು ಸಂತೆಗೆ ಹೋಗಿ ಬಣ್ಣಬಣ್ಣದ ಸ್ಟಿಕ್ಕರ್ ಬೊಟ್ಟು ತಂದರು. ಬಳೆ ಅಂಗಡಿಯ ಮುಂದೆ ಹೆಂಗಸರ ನಡುವೆ ನಿಂತು ಬೊಟ್ಟು ಆರಿಸುತ್ತಿದ್ದವರನ್ನು ಯಾರೋ, ಯಾರಿಗಣ್ಣ ಇಷ್ಟೊಂದು ಅಂತ ಕೆಣಕಿದರಂತೆ. ಮನೆಯಲ್ಲಿ ಕ್ಯಾಸೆಟ್ಟುಗಳು ಮೈನೆರೆದಿವೆ ಅಂದರಂತೆ.

ನನ್ನ ಮಗಳ ಮದುವೆಗೂ ಅವರದೇ ಸೆಟ್ಟು. ಅರಿಶಿನದ ಪದ ಹೇಳಲು ಕೂತೆವು. ಮೈಕು ಕಂಡು ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು, ಯಾರೂ ದನಿ ತೆಗೆಯಲಿಲ್ಲ. ಅಣ್ಣ ಬಂದು, ಮೈಕ್ ಆಫ್ ಮಾಡಿದ್ದೇನೆ, ಹೇಳಿಕೊಳ್ಳಿ ಅಂದರು. ಹಾರನ್ನಿಗೆ ಆಫ್ ಮಾಡಿದ್ದರು ನಿಜ, ಕ್ಯಾಸೆಟ್ಟಿಗೆ ಮಾಡಿರಲಿಲ್ಲ. ಸಂಜೆ ಅವರು ಅದನ್ನು ಹಾಕಿದಾಗ ನಮ್ಮ ದನಿ ಹುಣಸೆಮರದ ಮೇಲಿಂದ ಕೇಳಿ ನಾವೆಲ್ಲ ಅಡುಗೆಮನೆಗೆ ಓಡಿಹೋದೆವು. ಆಮೇಲೆ ಎಷ್ಟು ಮದುವೆಗಳಲ್ಲಿ ಹಾಗೆ ಹಿಡಿದಿಟ್ಟರೋ. ನಾವು ಊರು ಬಿಟ್ಟು ಹೊಳೆನರಸೀಪುರಕ್ಕೆ ಬರುವಾಗ ಸಾಮಾನಿನ ಲಾರಿಗೆ ಒಂದು ಚೀಲ ತಂದು ಹಾಕಿದರು.

"ತಗವ್ವ, ನಿಮ್ ಬಾಯಿ ನಿಮ್ಗೇ ಇರ್ಲಿ," ಅಂದರು.

ಆ ಬಾಯಿಯನ್ನು ಕಂಪ್ಯೂಟರಿನೊಳಗೆ ಹಾಕುವುದು ಈಗ ನಮ್ಮ ಕೆಲಸವಾಯಿತು. ಮೊಮ್ಮಗಳು ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದಾಳೆ. ಅವಳು ಒಂದು ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ, ಅದರಿಂದ ಕಂಪ್ಯೂಟರಿಗೆ ವೈರು ಚುಚ್ಚಿದಳು. ಕ್ಯಾಸೆಟ್ಟು ಪೂರ್ತಿ ಓಡಬೇಕು, ಓಡುತ್ತಾ ಓಡುತ್ತಾ ಒಳಗೆ ತುಂಬಿಕೊಳ್ಳುತ್ತದೆ. ನಾನು ಅದು ಕಿವಿಗೊಟ್ಟು ಕೇಳುತ್ತಿದೆ ಅಂದುಕೊಂಡೆ. ಸೊಸೆಗೆ ಒಗ್ಗರಣೆ ಹಾಕಬೇಡ ಅಂದೆ, ಕುಕ್ಕರ್ ಇಳಿಸಿದೆ, ತರಕಾರಿಯವನನ್ನು ಬಾಗಿಲಲ್ಲೇ ಸನ್ನೆ ಮಾಡಿ ಕಳಿಸಿದೆ. ಮಗ ಸೀನಿದ್ದಕ್ಕೆ ಅವನಿಗೂ ಬೈಗುಳ. ಮನೆಯೆಲ್ಲ ಪಿಸುಪಿಸು ಮಾತಾಡುತ್ತಿರುವುದನ್ನು ಕಂಡು ಮೊಮ್ಮಗಳು, "ಅಜ್ಜೀ, ಅದು ವೈರಿನಲ್ಲಿ ಹೋಗ್ತಾ ಇದೆ. ನೀನು ತಮಟೆ ಹೊಡೆದ್ರೂ ಅದಕ್ಕೆ ಕೇಳಲ್ಲ," ಅಂದಳು. ಅಷ್ಟು ಹೊತ್ತಿಗೆ ಅಡುಗೆ ತಡವಾಗಿ ಎಲ್ಲರಿಗೂ ಹೊಟ್ಟೆ ಹಸಿದಿತ್ತು.

ಆಮೇಲೆ ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಟಿವಿ ಹಾಕಿದ ಕೂಡಲೇ ನೇರವಾಗಿ ಕಂಪ್ಯೂಟರೇ ತೆರೆದುಕೊಳ್ಳುವಂತೆ ಮಾಡಿದಳು. ಆದರೆ ಪರದೆಯ ತುಂಬ ಇಂಗ್ಲಿಷ್ ಚೌಕಗಳು. ಸಿನಿಮಾ ಒಂದು ಕಡೆ, ಹಾಡು ಒಂದು ಕಡೆ, ಫೋಟೋ ಇನ್ನೊಂದು ಕಡೆ. ನನಗೆ ಅದು ಬೇಡ ಅಂದೆ. ಅಣ್ಣನ ಬೊಟ್ಟಿನ ವಿಷಯ ಹೇಳಿದೆ. ಯಾವ ಹಾಡು ಅನ್ನುವುದಕ್ಕಿಂತ ಯಾವ ಹೊತ್ತಿನದು ಅಂತ ನನಗೆ ತಿಳಿಯಬೇಕು. ಅವಳು ಕೇಳಿಸಿಕೊಂಡು ಎದ್ದುಹೋದಳು. ಮೊಬೈಲಿನಲ್ಲಿ ನನ್ನ ಅರಿಶಿನದ ಬಟ್ಟಲು, ಹಸಿರು ಬಳೆ, ಹಿತ್ತಲಿನ ಬಾಳೆಎಲೆ, ಎದುರುಮನೆಯವರ ತೆಂಗಿನ ಗರಿ ಎಲ್ಲದರ ಫೋಟೋ ತೆಗೆದುಕೊಂಡು ಬಂದು, ಒಂದೊಂದು ಚೌಕಕ್ಕೆ ಒಂದೊಂದನ್ನು ಅಂಟಿಸಿ, ಕೆಳಗೆ ದಪ್ಪ ಕನ್ನಡದಲ್ಲಿ ಹೆಸರು ಬರೆದಳು. ನನ್ನ ಬಟ್ಟಲು ಟಿವಿಯಲ್ಲಿ! ಇಡೀ ಬೀದಿಯವರನ್ನು ಕರೆದು ತೋರಿಸಿದೆ.

ಆದರೆ ಆ ಯಂತ್ರ ಅಕ್ಷರಮಾಲೆ ಕಲಿತದ್ದು. ಅ ಆ ಇ ಈ ಪ್ರಕಾರ ಸಾಲು ಹಿಡಿಸಿತು. ಮೊದಲು ಅರಿಶಿನ, ಆಮೇಲೆ ಊಟ, ಆಮೇಲೆ ಚಪ್ಪರ, ಕಡೆಗೆ ಬಳೆ. ಚಪ್ಪರ ಹಾಕುವ ಮುಂಚೆಯೇ ಎಲ್ಲರನ್ನೂ ಊಟಕ್ಕೆ ಕೂರಿಸಿಬಿಟ್ಟಿತು. ಮೊಮ್ಮಗಳು ಟಿವಿ ನೋಡಿದಳು, ನನ್ನನ್ನು ನೋಡಿದಳು.

"ನಿಮ್ಮಣ್ಣನೇ ಬಂದು ಜೋಡಿಸ್ದಂಗೈತಲ್ಲಜ್ಜಿ," ಅಂದಳು. ನಮ್ಮ ಮಾತಿನಲ್ಲೇ ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಹೆಸರುಗಳ ಮೊದಲಿಗೆ ಒಂದು, ಎರಡು, ಮೂರು ಅಂತ ಅಂಕಿ ಹಾಕಿದಳು, ಸಾಲು ಸರಿಯಾಯಿತು.

ರಿಮೋಟು ಹಿಡಿಯುವುದು ಮಾತ್ರ ನನಗೆ ಸುಲಭಕ್ಕೆ ಒಲಿಯಲಿಲ್ಲ. ಒಂದು ಒತ್ತಿದರೆ ಇನ್ನೊಂದು. ಬಳೆಗೆ ಅಂತ ಹೊರಟು ಎಲ್ಲೋ ಇಂಗ್ಲಿಷಿನ ಕಾಡಿನಲ್ಲಿ ಸಿಕ್ಕಿಕೊಳ್ಳುತ್ತಿದ್ದೆ. ಚಪ್ಪರದ ದಿನ ನಾನೇ ಒತ್ತಿಕೊಡುತ್ತೇನೆ ಬಿಡಮ್ಮಾ ಅಂತ ಮಗ ಕನಿಕರ ತೋರಿಸಿದ. ಅವನಿಗೆ ಯಾವ ಪದ ಎಲ್ಲಿಗೆ ಮುಗಿಯುತ್ತದೆ, ಯಾವಾಗ ನಿಲ್ಲಿಸಬೇಕು ಅಂತ ಏನು ಗೊತ್ತು? ನಾನೇ ಮಾಡಬೇಕು, ಮಾಡೇ ಮಾಡುತ್ತೇನೆ ಅಂದೆ. ನನ್ನ ಬೊಟ್ಟಿನ ಚೀಟಿಯಿಂದ ಒಂದು ಕೆಂಪು ಬೊಟ್ಟು ಕಿತ್ತು ನಡುವಿನ ಗುಂಡಿಗೆ ಅಂಟಿಸಿದೆ, ಅದು 'ಹಾಕು'. ಒಂದು ಕರಿ ಬೊಟ್ಟನ್ನು ಪಕ್ಕದ ಗುಂಡಿಗೆ ಅಂಟಿಸಿದೆ, ಅದು 'ಹಿಂದಕ್ಕೆ ಬಾ'. ದಿನಾ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಕೂತು ಒತ್ತಿದೆ. ತಪ್ಪಿದೆ, ಹಿಂದಕ್ಕೆ ಬಂದೆ, ಮತ್ತೆ ಒತ್ತಿದೆ. ಕಣ್ಣು ಮುಚ್ಚಿದರೂ ಬೆರಳಿಗೆ ಬೊಟ್ಟು ಸಿಗುವಷ್ಟು ರೂಢಿ ಮಾಡಿಕೊಂಡೆ.

ಚಪ್ಪರದ ದಿನ ಬಂತು. ಗರಿ ಏರಿದಾಗ ಚಪ್ಪರದ ಪದ ಬಂತು, ಅರಿಶಿನದ ಹೊತ್ತಿಗೆ ಅರಿಶಿನದ ಪದ. ಎಂದೋ ಹೋಗಿಬಿಟ್ಟ ಹೆಂಗಸರು ನಮ್ಮ ನಡುಮನೆಯಲ್ಲಿ ಎದೆತುಂಬಿ ಹೇಳಿದರು. ಬಳೆಗಾರ ಮೊಮ್ಮಗಳ ಕೈ ಹಿಡಿದ. ನಾನು ಹಸಿರು ಬಳೆಯ ಚೌಕಕ್ಕೆ ಹೋಗಿ ಕೆಂಪು ಬೊಟ್ಟು ಒತ್ತಿದೆ. ಪದ ಬರಲಿಲ್ಲ. ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದಿತು, ಅದರ ತುಂಬ ಇಂಗ್ಲಿಷು. ಹಿಂದಿನಿಂದ ಯಾರೋ ಮೊಬೈಲಲ್ಲಿ ಹಾಕೋಣ ಅಂದರು. ಬಳೆಗಾರ ನನ್ನ ಮುಖ ನೋಡಿದ. ಮಗ ರಿಮೋಟಿಗೆ ಕೈ ಚಾಚಿದ.

"ಮುಟ್ಬ್ಯಾಡ ಕಣ್ಲಾ," ಅಂದೆ.

ಕರಿ ಬೊಟ್ಟು ಒತ್ತಿದೆ. ಪೆಟ್ಟಿಗೆ ಹೋಯಿತು. ಮತ್ತೆ ಬಳೆ, ಮತ್ತೆ ಕೆಂಪು ಬೊಟ್ಟು. ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಪದ ಎದ್ದಿತು. ಮೊದಲ ಬಳೆ ಮೊಮ್ಮಗಳ ಮಣಿಕಟ್ಟು ದಾಟಿತು. ಅವಳು ಬಳೆಯನ್ನು ನೋಡಲಿಲ್ಲ, ನನ್ನ ಕಡೆ ನೋಡಿ ಹಲ್ಲು ಬಿಟ್ಟಳು. ನನ್ನ ಜೀವಮಾನದಲ್ಲಿ ಅಂಥ ಹೆಮ್ಮೆ ನಾನು ಕಂಡದ್ದಿಲ್ಲ.

ಮಾರನೆಯ ದಿನ ಮದುಮಗಳನ್ನು ಛತ್ರಕ್ಕೆ ಹೊರಡಿಸುವ ಹೊತ್ತು. ಹೊರಡುವ ಪದ ಹಾಕಜ್ಜಿ ಅಂತ ಎಲ್ಲರೂ ಕೂಗಿದರು. ಆ ಪದ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಣ್ಣನ ಚೀಲದ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ನನ್ನ ಮಗಳನ್ನು ಕಳಿಸುವ ದಿನ ಹೆಂಗಸರು ಆ ಪದ ಎತ್ತಿದ ಕೂಡಲೇ ಅಣ್ಣ ಸೆಟ್ಟನ್ನೇ ಆರಿಸಿಬಿಟ್ಟಿದ್ದರು. ಯಾಕಣ್ಣ ಅಂತ ನಾನು ಅಳುತ್ತಲೇ ರೇಗಿದ್ದೆ.

"ಇದು ಮನೆಯೊಳ್ಗಿಂದು ಕಣವ್ವ. ಊರ್ಗ್ಯಾಕೆ?" ಅಂದು, ನಮಗೆ ಬೆನ್ನು ಮಾಡಿಕೊಂಡು ವೈರು ಸುತ್ತುತ್ತಾ ನಿಂತಿದ್ದರು.

ನಾನು ಟಿವಿ ಆರಿಸಿದೆ. ಮೊಮ್ಮಗಳ ಕೈ ಹಿಡಿದುಕೊಂಡು ಬಂದಷ್ಟು ಉಸಿರಿನಲ್ಲಿ ನಾನೇ ಹೇಳಿದೆ. ಅರ್ಧಕ್ಕೆ ನಿಂತಿತು. ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಕಾರು ಹೊರಟಿತು.

ಆಷಾಢಕ್ಕೆ ಅವಳು ಬರುತ್ತಾಳೆ. ಉಳಿದರ್ಧವನ್ನು ಅವಳಿಗೆ ಬಾಯಿಂದಲೇ ಕಲಿಸುವುದೆಂದು ತೀರ್ಮಾನ ಮಾಡಿದ್ದೇನೆ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಕೂತು ಒಂದೊಂದೇ ಕ್ಯಾಸೆಟ್ಟಿನದನ್ನು ಕೊನೆಯವರೆಗೂ ಕೇಳುತ್ತೇನೆ. ಅಣ್ಣ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ, ಮುಖ ನೋಡಲಿಲ್ಲ. ಅವರ ದನಿಯಾದರೂ ಎಲ್ಲಾದರೂ ಸಿಕ್ಕೀತು ಅಂತ ಆಸೆ. ಎಲ್ಲರ ಬಾಯಿ ಹಿಡಿದಿಟ್ಟವರು ತಮ್ಮದನ್ನು ಎಲ್ಲೂ ಇಟ್ಟಿಲ್ಲ. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಮೈಕಿಗೆ ಹತ್ತಿರದಲ್ಲಿ, ಯಾರೋ ಗಂಡಸು ಮೆಲ್ಲಗೆ ಕೆಮ್ಮುತ್ತಾನೆ... ಅಷ್ಟೇ. ಅದು ಅವರದೇ ಅಂದುಕೊಂಡಿದ್ದೇನೆ.