ದೇವರು ತಣ್ಣಗಾಗುವ ತನಕ

ಮೊನ್ನೆ ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಡಾಂಬರು ಗುಳಿಗೆಯ ವಾಸನೆ ಬಂತು. ಎಳೆದು ನೋಡಿದರೆ ಕನ್ನಡದ ಬೈಬಲ್ಲು, ಅಂಚಿಗೆ ಕೆಂಪು ಬಣ್ಣ. ಹಣೆಗೆ ವಿಭೂತಿ ಹಚ್ಚಿಕೊಂಡ ನಾನು ಅದನ್ನು ಮೂಸುತ್ತ ನಿಂತದ್ದು ಕಂಡು ಅಂಗಡಿಯವನು ನಕ್ಕ. ನಗಲಿ ಬಿಡಿ. ನನಗೆ ಶಾಂತಮ್ಮ ಟೀಚರು ನೆನಪಾಗಿದ್ದರು; ಅವರ ಬೈಬಲ್ಲಿಗೂ ಇದೇ ವಾಸನೆ.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಕಾಚಿಗೂಡದ ಚಾಳಿನಲ್ಲಿ ನಮ್ಮ ಗೋಡೆಗೆ ಹತ್ತಿದ್ದೇ ಅವರ ಮನೆ. ಬೆಟಗೇರಿ ಕಡೆಯ ಕ್ರಿಶ್ಚಿಯನ್ನರು. ದಿನಾ ಸಂಜೆ ಪಡಸಾಲೆಯಲ್ಲಿ ಕೂತು ಹಳೆಯ ಒಡಂಬಡಿಕೆಯ ಒಂದೇ ಒಂದು ಅಧ್ಯಾಯ ಗಟ್ಟಿಯಾಗಿ ಓದುವರು. ಅವ್ವ ಅಕ್ಕಿ ಆರಿಸುತ್ತ ಕೇಳುವಳು. ತೆಲುಗು, ಉರ್ದುವಿನ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ದೇವರು ಯಾರವನಾದರೇನು. ಅವಳದು ಒಂದೇ ತಕರಾರು. ಪುರಾಣ ಓದುವಾಗ ಸಾವು, ಅಳು ಬಂದಲ್ಲಿ ನಿಲ್ಲಿಸದೆ ಮಂಗಳದ ಜಾಗಕ್ಕೆ ಬಂದೇ ಪುಸ್ತಕ ಮುಚ್ಚುವುದು ನಮ್ಮ ಮನೆಯ ರೂಢಿ. ಟೀಚರಿಗೆ ಅದಿಲ್ಲ. ಅಧ್ಯಾಯ ಮುಗಿದರೆ ಮುಗಿಯಿತು, ದೇವರು ಊರನ್ನೇ ಸುಡುತ್ತಿರಲಿ.

ಒಂದು ಸಂಜೆ ಗಲಭೆಯೆದ್ದು ದಿಢೀರನೆ ಕರ್ಫ್ಯೂ ಹಾಕಿದರು. ಹಳೇ ಶಹರದ ಕಡೆ ಹೋಗಿದ್ದ ಟೀಚರ ಯಜಮಾನರು ಬಂದಿರಲಿಲ್ಲ. ಹೊರಗೆ ಪೊಲೀಸ್ ಜೀಪು ಬಿಟ್ಟರೆ ಸದ್ದಿಲ್ಲ. ಅಂದಿನ ಸರದಿಗೆ ಬಂದದ್ದೋ, ಒಂದು ಪಟ್ಟಣದ ಮುದುಕರು, ಕೂಸುಗಳನ್ನೂ ಉಳಿಸಬೇಡಿ ಎಂಬ ದೈವಾಜ್ಞೆಯ ಭಾಗ. ಓದಿ ಮುಚ್ಚಲು ಹೋದವರ ಕೈಯನ್ನು ಅವ್ವ ಹಿಡಿದಳು.

“ಅಲ್ಲಿಗೆ ಮುಚ್ಚಬ್ಯಾಡ್ರಿ ಟೀಚರ್. ದೇವರು ತಣ್ಣಗಾಗೂತನಕ ಓದ್ರಿ.”

ಮೊದಲ ಸಲ ಟೀಚರು ತಮ್ಮ ನಿಯಮ ಮುರಿದರು. ಮುಂದಿನ ಅಧ್ಯಾಯದಲ್ಲೂ ಸಿಟ್ಟು. ಅದರ ಮುಂದಿನದರಲ್ಲೂ. ಕೆಟ್ಟ ಊರೊಂದರ ಜನಕ್ಕಷ್ಟೇ ಅಲ್ಲ, ದನಗಳಿಗೂ ಮರುಗಿದ ದೇವರ ಕಥೆ ಹಿಂದೊಮ್ಮೆ ಓದಿದ್ದಿರಲ್ಲ, ಆ ಪುಟ ತೆಗೆಯಿರಿ ಎಂದು ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ.

“ಅದೂ ಅವನೇ, ಇದೂ ಅವನೇ,” ಅಂದರು ಟೀಚರು. “ನನಗ ಹಿಡಿಸಿದ ಮುಖ ಅಷ್ಟ ಆರಿಸಿಕೊಂಡು ಕುಂತ್ರ, ಮತ್ತ ನಾ ಬೇಡಾಕತ್ತಿದ್ದು ಯಾರನ್ನ?”

ಅವ್ವ ಅವರ ಮಗ್ಗುಲಿಗೆ ಕೂತಳು. ದೀಪ ಹಚ್ಚುವುದು ಯಾರಿಗೂ ನೆನಪಾಗಲಿಲ್ಲ. ಅಕ್ಷರ ಕಾಣದಷ್ಟು ಕತ್ತಲಾದಾಗ ಓದು ತಾನಾಗಿ ನಿಂತಿತು.

ಮರುದಿನ ಕರ್ಫ್ಯೂ ಸಡಿಲಿಸಿದಾಗ ಯಜಮಾನರು ಸೈಕಲ್ಲು ತಳ್ಳಿಕೊಂಡು ಬಂದರು. ಅವ್ವ ಹಿಗ್ಗಿ, ನೋಡಿದಿರಾ, ದೇವರು ತಣ್ಣಗಾದ ಎಂದಳು. ಟೀಚರು ಗಂಡನ ತೋಳು ಬಿಡದೆಯೇ ಕೇಳಿದರು:

“ಬರದೇ ಇದ್ದವರ ಮನ್ಯಾಗೂ ಯಾರರೆ ಓದಿರ್ತಾರಲ್ರಿ, ಅಕ್ಕಾರ?”

ಮೊನ್ನೆ ಕೋಠಿಯಲ್ಲಿ ಸಿಕ್ಕ ಆ ಪುಸ್ತಕವನ್ನು ಕೊಂಡು ತಂದೆ. ಸಂಜೆ ಕರ್ಫ್ಯೂ ದಿನದ ಅದೇ ಅಧ್ಯಾಯ ಹುಡುಕಿ ಗಟ್ಟಿಯಾಗಿ ಓದಿದೆ. ಕೊನೆಗೆ ಬಂದಾಗ ಬೆರಳು ತಾನಾಗಿ ಮುಂದಿನ ಪುಟಕ್ಕೆ ಹೋಯಿತು, ಅವ್ವನ ಮಗನಲ್ಲವೇ. ತಡೆದು, ಅಲ್ಲಿಗೇ ಮುಚ್ಚಿದೆ. ಆ ಪಟ್ಟಣದವರಿಗೆ ಮುಂದಿನ ಪುಟ ಇರಲಿಲ್ಲ.